ಕೈಗೆ ರಜೆ

ಕಲ್ಲು ಕೆಲಸದವರ ಆ ಬೀದಿಗೆಲ್ಲ ಅವಳು ನುಣುಪಕ್ಕ, ಅವಳ ಗಂಡ ಗೆರೆ ಮೇಷ್ಟ್ರು. ಮೇಷ್ಟ್ರು ಯಾರಿಗೂ ಪಾಠ ಹೇಳಿದವರಲ್ಲ. ಕಲ್ಲಿನ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆದರೆಂದರೆ ಮುಗಿಯಿತು, ಅದರಿಂದ ಕೂದಲೆಳೆಯಷ್ಟು ಆಚೀಚೆ ಹೋದವನಿಗೆ ಬೀದಿಮಂದಿಯ ಮುಂದೆಯೇ ಚಳಿ ಬಿಡಿಸುತ್ತಿದ್ದರು. ಕತ್ತರಿಸುವುದು ಅವರ ಪಾಲು, ಹೊಳಪು ಕೊಡುವುದು ಅವಳ ಪಾಲು. ಮದುವೆಯಾದ ಹೊಸದರಲ್ಲಿ ಮನೆಯ ಹಿಂದೆ ತಗಡು ಹೊದಿಸಿ ಕಟ್ಟಿಕೊಂಡ ಶೆಡ್ಡಿಗೂ ಅಡುಗೆಮನೆಗೂ ನಡುವೆ ಒಂದೇ ಗೋಡೆ, ಒಂದೇ ಬಾಗಿಲು. ಅಣ್ಣ ಅತ್ತಿಗೆ ಮನೆಯೊಳಗೆ ಆಡಿದ ಮಾತಿಗಿಂತ ಶೆಡ್ಡಿನಲ್ಲಿ ಆಡಿದ ಜಗಳವೇ ಜಾಸ್ತಿ ಎಂದು ನಾದಿನಿ ರೇಗಿಸುತ್ತಿದ್ದಳು. ಈ ನಾದಿನಿ ಎರಡು ಮನೆಯಾಚೆ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಬಾಯಿ ಜೋರು, ಕರುಳು ಮೆತ್ತಗೆ.

ನುಣುಪಕ್ಕನ ಕೆಲಸ ನೀರಿನದು. ಒದ್ದೆ ಕಲ್ಲಿನ ಮೇಲೆ ಮೊದಲು ಹೊಳಪು ಯಂತ್ರದ ಒರಟು ಬಿಲ್ಲೆ ಓಡಬೇಕು, ಆಮೇಲೆ ನಯವಾದದ್ದು, ಕೊನೆಗೆ ಪುಡಿ ಹಾಕಿ ಬರಿಗೈಯಲ್ಲಿ ತಿಕ್ಕಬೇಕು. ಯಂತ್ರ ಬಿಟ್ಟುಹೋದ ಒರಟು ಬೆರಳ ತುದಿಗೆ ಸಿಗುತ್ತದೆ. ಹೀಗೆ ವರ್ಷಗಟ್ಟಲೆ ತಿಕ್ಕಿ ಕಲ್ಲಿನ ಜೊತೆಗೆ ಅವಳ ಬೆರಳುಗಳೂ ಸವೆದಿದ್ದವು. ತುದಿಯಲ್ಲಿ ಒಂದು ಸುರುಳಿಯಿಲ್ಲ, ಒಂದು ಗೀರಿಲ್ಲ. ಅದೊಂದು ಕೊರತೆಯೆಂದು ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ. ಅನ್ನಿಸುವಂಥದ್ದೇನೂ ನಡೆದಿರಲಿಲ್ಲ.

ಮೇಷ್ಟ್ರ ಕೆಲಸ ಧೂಳಿನದು. ಕಲ್ಲು ಕೊಯ್ಯುವ ಕಟ್ಟರಿಗೆ ನೀರು ಬಿಟ್ಟುಕೊಂಡು ಕತ್ತರಿಸಿದರೆ ಧೂಳು ಏಳುವುದಿಲ್ಲ, ಇದು ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಆದರೆ ನೀರು ಬಿದ್ದರೆ ಕಲ್ಲಿನ ಬಣ್ಣ ಕಪ್ಪಾಗುತ್ತದೆ, ಪೆನ್ಸಿಲ್ ಗೆರೆ ಮುಳುಗಿಹೋಗುತ್ತದೆ. ಮೇಷ್ಟ್ರು ಒಣಕಲ್ಲನ್ನೇ ಕತ್ತರಿಸಿದರು, ಮೂಗಿಗೊಂದು ಬಟ್ಟೆ ಸುತ್ತಿಕೊಂಡು, ಜಗತ್ತೇ ಒಂದು ಕಡೆಯಾದರೂ ತಾವೊಂದು ಕಡೆ ಎಂಬ ಹಟದಲ್ಲಿ. ಬೇರೆಯವರ ಗೆರೆ ಸೊಟ್ಟಗಾದಾಗಲೆಲ್ಲ "ನೀರು ಬಿಟ್ಕೊಂಡು ಕತ್ತರಿಸಿದ್ರೆ ಇನ್ನೇನಾಗುತ್ತೆ" ಎಂದು ನಗುತ್ತಿದ್ದರು. ಆ ನಗುವಿನ ಕೊನೆಗೆ ಕೆಮ್ಮು ಸೇರಿಕೊಂಡದ್ದು ಯಾವಾಗ ಎಂದು ನುಣುಪಕ್ಕನಿಗೆ ನೆನಪಿಲ್ಲ. ಮೆಟ್ಟಿಲು ಹತ್ತುವಾಗ ಅವರು ನಡುವೆ ನಿಂತು ಗೋಡೆ ನೋಡುವ ನಾಟಕ ಆಡತೊಡಗಿದ ಮೇಲೆ ಕೈಹಿಡಿದು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಮುಚ್ಚುಮರೆಯಿಲ್ಲದೆ ಹೇಳಿದರು. "ಒಳಗೆ ಕಲ್ಲಿನ ಧೂಳು ಕೂತಿದೆ. ಕೂತಿದ್ದನ್ನ ತೆಗೆಯೋಕೆ ಆಗಲ್ಲ. ಇನ್ನೊಂದಿಷ್ಟು ಸೇರಬಾರದು, ಅಷ್ಟೇ. ಶೆಡ್ಡಿನ ಕಡೆ ತಲೆ ಹಾಕಬೇಡಿ."

ಆ ದಿನದಿಂದ ನುಣುಪಕ್ಕನಿಗೆ ಬದುಕಿನಲ್ಲಿ ಇದ್ದದ್ದು ಒಂದೇ ಗುರಿ, ಮೇಷ್ಟ್ರನ್ನು ಆ ಬಾಗಿಲಿನಿಂದ ಈಚೆ ಇಟ್ಟುಕೊಳ್ಳುವುದು. ಕಟ್ಟರಿಗೆ ನೀರಿನ ಪೈಪು ಕಟ್ಟಿಸಿ ಕತ್ತರಿಸುವ ಕೆಲಸವನ್ನೂ ತಾನೇ ಹೊತ್ತುಕೊಂಡಳು. ಅವಳ ಗೆರೆ ನೆಟ್ಟಗಿರುತ್ತಿರಲಿಲ್ಲ. ಮೇಷ್ಟ್ರು ಅಡುಗೆಮನೆಯಲ್ಲಿ ಕೂತು ಸದ್ದಿನಲ್ಲೇ ಅದನ್ನು ಕಂಡುಹಿಡಿದು ಹಲ್ಲು ಕಡಿಯುತ್ತಿದ್ದರು.

ದಾರಿಯೊಂದು ಕಂಡದ್ದು ಹೊರದೇಶದ ಕಂಪನಿಯಿಂದ. ಅವರ ಹೊಸ ಹೋಟೆಲಿನ ಬಾಗಿಲಲ್ಲಿ ಬಿಲ್ಲಿನ ಹಾಗೆ ಬಾಗಿದ ಕಲ್ಲಿನ ಕೌಂಟರು ಇರಬೇಕಾಗಿತ್ತು. ಅದನ್ನು ಇವರ ಶೆಡ್ಡಿನಲ್ಲೇ ತುಂಡು ತುಂಡಾಗಿ ಮಾಡಿಸಿ ಹಡಗಿನಲ್ಲಿ ತರಿಸಿಕೊಂಡಿದ್ದರು. ಡಾಕ್ಟರ ಹತ್ತಿರ ಹೋಗುವ ಮುಂಚೆ ಮೇಷ್ಟ್ರು ಕೈಯಿಟ್ಟ ಕೊನೆಯ ಕೆಲಸ ಅದು. ಕೌಂಟರು ಒಪ್ಪಿಗೆಯಾದರೆ ಮುಂದಿನ ಹೋಟೆಲುಗಳ ಹೊಳಪಿನ ಕೆಲಸವೆಲ್ಲ ನಿಮಗೇ ಎಂದು ಮ್ಯಾನೇಜರು ಮಾತು ಕೊಟ್ಟಿದ್ದ. ಕಲ್ಲು ದೊಡ್ಡ ಕಾರ್ಖಾನೆಯಲ್ಲಿ ಕತ್ತರಿಸಿಕೊಂಡೇ ಬರುತ್ತದೆ, ತಿಕ್ಕಿ ಕಳಿಸಿದರಾಯಿತು. ಕಟ್ಟರನ್ನು ಮಾರಿಬಿಡಬಹುದು, ಮೇಷ್ಟ್ರು ಕುರ್ಚಿಯಲ್ಲಿ ಕೂತು ಫೋನಿನಲ್ಲಿ ವ್ಯವಹಾರ ನೋಡಿಕೊಳ್ಳಬಹುದು. ಈ ಆಸೆಯನ್ನು ಅವಳು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳದಿದ್ದರೂ ಮೇಷ್ಟ್ರಿಗೆ ಅರ್ಥವಾಗಿತ್ತು.

ಅಂಥ ಹೊತ್ತಿನಲ್ಲಿ ಮ್ಯಾನೇಜರಿನ ಫೋನು ಬಂತು. ಹಡಗಿನಲ್ಲಿ ಎರಡು ತುಂಡುಗಳ ಅಂಚು ಒಡೆದಿದೆ. ಜೋಡಿಸಿದ ಕಡೆ ಸಂದು ಕಾಣುತ್ತಿದೆ, ಬೆಳಕು ಬಿದ್ದರೆ ಒಂದೊಂದು ತುಂಡಿನ ಹೊಳಪು ಒಂದೊಂದು ಥರ. ಹೋಟೆಲು ತೆರೆಯುವ ದಿನ ಗೊತ್ತಾಗಿದೆ. ಅಷ್ಟರೊಳಗೆ ಬಂದು ಸರಿಮಾಡಿ, ಇಲ್ಲವಾದರೆ ಕಲ್ಲು ನಿಮಗೆ, ಕೆಲಸ ಬೇರೆಯವರಿಗೆ. ಅವಳ ಹತ್ತಿರ ಪಾಸ್‌ಪೋರ್ಟು ಇತ್ತು, ಅದನ್ನು ಮಾಡಿಸುವಾಗ ಬೆರಳಿನ ಗುರುತಿಗೆ ಯಾರೂ ತಕರಾರು ತೆಗೆದಿರಲಿಲ್ಲ. ಉಳಿದದ್ದು ವೀಸಾ.

ವೀಸಾ ಕಚೇರಿಯಲ್ಲಿ ಗಾಜಿನ ಹಿಂದೆ ಕೂತಿದ್ದ ಹುಡುಗಿ ಒಳ್ಳೆಯವಳೇ. "ನಾಲ್ಕು ಬೆರಳು ಒಟ್ಟಿಗೆ ಇಡಿ ಮೇಡಂ. ಒತ್ತಿ. ಇನ್ನೂ ಸ್ವಲ್ಪ ಒತ್ತಿ." ಹಸಿರು ಬೆಳಕಿನ ಪಟ್ಟಿಯ ಮೇಲೆ ನುಣುಪಕ್ಕ ಬೆರಳಿಟ್ಟಳು. ಯಂತ್ರ ಕೆಂಪಗಾಯಿತು. ಬೆರಳು ಒರೆಸಿಕೊಂಡು ಇಟ್ಟಳು, ಒದ್ದೆ ಮಾಡಿಕೊಂಡು ಇಟ್ಟಳು, ಎಡಗೈ ಇಟ್ಟಳು. ಹಿಂದೆ ನಿಂತವರು ಗೊಣಗತೊಡಗಿದರು. ಹುಡುಗಿ ಒಳಗಿಂದ ಸಾಹೇಬರನ್ನು ಕರೆತಂದಳು. ಅವರು ಯಂತ್ರವನ್ನು ತಟ್ಟಿ ನೋಡಿ, ಆಮೇಲೆ ಅವಳ ಕೈಯನ್ನು ತಿರುಗಿಸಿ ನೋಡಿ, "ನಿಮ್ಮ ಬೆರಳಲ್ಲಿ ಏನೂ ಇಲ್ವಲ್ಲಮ್ಮ" ಎಂದರು, ಅವಳೇನೋ ಎಲ್ಲೋ ಬಿಟ್ಟು ಬಂದಿದ್ದಾಳೆ ಎನ್ನುವ ಹಾಗೆ.

ಚರ್ಮದ ಡಾಕ್ಟರಿಂದ ಸರ್ಟಿಫಿಕೇಟು ತನ್ನಿ ಎಂದರು. ತಂದಳು. ಈ ಡಾಕ್ಟರು ನಮ್ಮ ಪಟ್ಟಿಯಲ್ಲಿಲ್ಲ ಎಂದರು. ಪಟ್ಟಿಯಲ್ಲಿದ್ದ ಡಾಕ್ಟರು ರಜೆಯಲ್ಲಿದ್ದರು. ಅವರು ಬರುವವರೆಗೆ ಕಾದು ಬರೆಸಿಕೊಂಡರೆ, ಇದಕ್ಕೆ ಸರ್ಕಾರಿ ಕಚೇರಿಯ ಮುದ್ರೆ ಬೇಕು ಎಂದರು. ಮುದ್ರೆಯ ಕಚೇರಿಯ ಗುಮಾಸ್ತ ಕಾಗದವನ್ನೆಲ್ಲ ಓದಿ, ತಲೆಯಾಡಿಸಿ, ಒಂದು ಪುಟ್ಟ ಯಂತ್ರವನ್ನು ಅವಳ ಮುಂದೆ ದೂಡಿದ.

"ಹೆಬ್ಬೆಟ್ಟು ಒತ್ತಿ. ನೀವೇ ಅಂತ ಖಾತ್ರಿ ಆಗ್ಬೇಕು."

"ಹೆಬ್ಬೆಟ್ಟಿನ ಗುರುತಿಲ್ಲ ಅಂತಲೇ ಈ ಸರ್ಟಿಫಿಕೇಟು, ಸರ್."

"ಅದು ಸರಿ. ಆದ್ರೆ ಆ ಗುರುತಿಲ್ಲದವರು ನೀವೇ ಅನ್ನೋದಕ್ಕೆ ಗುರುತು ಬೇಕಲ್ಲ?"

ಮನೆಗೆ ಬಂದು ಇದನ್ನು ಹೇಳಿದಾಗ ಮೇಷ್ಟ್ರು ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡರು. ಅವಳಿಗೆ ನಗು ಬರಲಿಲ್ಲ. ದಿನಗಳು ಕೈಜಾರಿ ಹೋಗುತ್ತಿದ್ದವು.

ದಾರಿ ತೋರಿಸಿದವನು ವೀಸಾ ಕಚೇರಿಯ ಬಾಗಿಲಲ್ಲಿ ಟೋಕನ್ ಕೊಡುತ್ತಿದ್ದ ಕಾವಲಿನವನು. ಅವಳು ಅಲ್ಲಿಗೆ ಅಲೆಯುವುದನ್ನು ನೋಡಿ ನೋಡಿ ಅವನಿಗೇ ಬೇಸರ ಹತ್ತಿತ್ತು. "ಅಕ್ಕಾ, ಕಾಗದದ ಹಿಂದೆ ಓಡಾಡ್ಬೇಡಿ. ಇಟ್ಟಿಗೆ ಹೊರೋರು, ಪಾತ್ರೆ ತೊಳೆಯೋರು ಎಲ್ಲರದ್ದೂ ಇದೇ ಕಥೆ. ಕೈಗೆ ರಜೆ ಕೊಡಿ. ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ, ಒಂದ್ ಕಡ್ಡೀನೂ ಎತ್ತಬೇಡಿ. ಎರಡು ಮೂರು ವಾರಕ್ಕೆ ಗೆರೆ ತಾನೇ ಹುಟ್ಕೊಳ್ಳುತ್ತೆ."

ಹಾಗೆ ನುಣುಪಕ್ಕ ಕೈಕಟ್ಟಿ ಕೂತಳು. ನಾದಿನಿ ಮೆತ್ತನೆ ಬಟ್ಟೆಯಲ್ಲಿ ಅವಳಿಗೆ ಎರಡು ಜೊತೆ ಗವಸು ಹೊಲಿದುಕೊಟ್ಟಳು. ಮೇಷ್ಟ್ರು ಬೆಳಿಗ್ಗೆ ಸಂಜೆ ಅವಳ ಬೆರಳಿಗೆ ಎಣ್ಣೆ ಹಚ್ಚಿದರು, ಪಾತ್ರೆ ತೊಳೆದರು, ನೆಲ ಒರೆಸಿದರು, ಬಾಚಣಿಗೆ ಹಿಡಿದು ಅವಳ ತಲೆ ಬಾಚಲು ಹೋಗಿ ಬೈತಲೆಯ ಗೆರೆ ನೆಟ್ಟಗೆ ಬರುವವರೆಗೆ ಬಿಡದೆ ಕಾಡಿದರು.

"ಸಾಕು ಬಿಡ್ರೀ, ಕೂದಲೆಲ್ಲ ಉದುರಿಹೋಗುತ್ತೆ."

"ಸುಮ್ನೆ ಕೂತ್ಕೊಳೇ. ಇಷ್ಟ್ ದಿನ ಸೊಟ್ಟಗೆ ತೆಗೀತಿದ್ಯಲ್ಲ, ನೋಡೋಕಾಗ್ತಿರ್ಲಿಲ್ಲ ನಂಗೆ."

ತಟ್ಟೆಯ ಮುಂದೆ ಕೂತಾಗ ತುತ್ತು ಮಾಡಿ ಬಾಯಿಗಿಟ್ಟರು. ಅವಳು ನಾಚಿ ಬಾಗಿಲು ಮುಚ್ಚಿ ಬನ್ನಿ ಎಂದಳು. ನಿಜ ಹೇಳಬೇಕೆಂದರೆ, ಆ ಮನೆಯಲ್ಲಿ ಅವರಿಬ್ಬರೂ ಅಷ್ಟು ಹೊತ್ತು ಎದುರುಬದುರು ಸುಮ್ಮನೆ ಕೂತದ್ದು ಅದೇ ಮೊದಲು. ಮುಂದಿನ ದಿನಗಳೆಲ್ಲ ಹೀಗೇ ಇರುತ್ತವೆ ಎಂದು ಅವಳು ನಂಬಿಬಿಟ್ಟಳು.

ಆದರೆ ಒಡೆದ ಎರಡು ತುಂಡುಗಳ ಬದಲಿಗೆ ಹೊಸದು ಕತ್ತರಿಸಿ ಒಯ್ಯಬೇಕಿತ್ತಲ್ಲ. ಅದೇ ಬಂಡೆಯ ಒಂದೇ ಒಂದು ಹಾಸುಗಲ್ಲು ಶೆಡ್ಡಿನ ಗೋಡೆಗೆ ಒರಗಿ ನಿಂತಿತ್ತು. ಬೇರೆ ಬಂಡೆಯದಾದರೆ ಬಣ್ಣ ಕೂಡುವುದಿಲ್ಲ. ನುಣುಪಕ್ಕ ಕಟ್ಟರು ಮುಟ್ಟುವ ಹಾಗಿಲ್ಲ. ಪಕ್ಕದ ಬೀದಿಯಿಂದ ಒಬ್ಬ ಕೂಲಿಯವನನ್ನು ಕರೆಸಿದರು. ಅವನು ಬಾಗು ಬರುವ ಕಡೆ ಬ್ಲೇಡು ಜಾರಿಸಿ ಕಲ್ಲನ್ನು ಹಾಳುಮಾಡಿ, ಕಲ್ಲೇ ಸರಿಯಿಲ್ಲ ಎಂದು ಹೇಳಿ ಹೊರಟುಹೋದ. ಉಳಿದ ಹಾಸಿನಲ್ಲಿ ಆ ಎರಡು ತುಂಡಿಗೆ ಸಾಕಾಗುವಷ್ಟೇ ಜಾಗವಿತ್ತು. ಇನ್ನೊಂದು ತಪ್ಪಿಗೆ ಜಾಗವಿರಲಿಲ್ಲ.

ಮರುದಿನ ಮೇಷ್ಟ್ರು ಅವಳ ಮುಖ ನೋಡದೆ ಹೇಳಿದರು. "ಹಳೇ ಪರಿಚಯದವನು ಒಬ್ಬ ಸಿಕ್ಕಿದಾನೆ. ಕೈ ಪಳಗಿದೋನು. ಮಧ್ಯಾಹ್ನ ಬರ್ತಾನೆ. ನೀನು ಆ ಕಡೆ ಬರ್ಬೇಡ, ಧೂಳು ಕೈಗೆ ಕೂರುತ್ತೆ."

ಮಧ್ಯಾಹ್ನ ಗೋಡೆಯಾಚೆ ಕಟ್ಟರು ಶುರುವಾಯಿತು. ನುಣುಪಕ್ಕ ಗವಸಿನ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಒಂದು ಗೇಣು ಓಡಿ ಸದ್ದು ನಿಂತಿತು. ಕಲ್ಲನ್ನು ಒರೆಸುವಷ್ಟು ಹೊತ್ತು ಮೌನ. ಮತ್ತೆ ಒಂದು ಗೇಣು. ಮತ್ತೆ ಮೌನ. ಪೈಪಿನಿಂದ ನೀರು ಸುರಿಯುವ ಸದ್ದೇ ಇರಲಿಲ್ಲ. ಯಂತ್ರ ಜೋರಾಗಿ ಓಡುವಾಗಲೆಲ್ಲ ಅದರ ಅಡಿಯಲ್ಲಿ ಇನ್ನೊಂದು ಸದ್ದು, ಕೆಮ್ಮನ್ನು ಯಾರೋ ಕಟ್ಟರಿನ ಕಿರುಚಾಟದೊಳಗೆ ಹುದುಗಿಸುತ್ತಿದ್ದರು. ಅಷ್ಟು ವರ್ಷ ಆ ಕೈಯ ಪಕ್ಕದಲ್ಲಿ ಕೆಲಸ ಮಾಡಿದವಳಿಗೆ ಬಂದವರು ಯಾರೆಂದು ಹೇಳಬೇಕೆ.

ಎದ್ದು ಶೆಡ್ಡಿನ ಬಾಗಿಲವರೆಗೆ ಹೋದಳು. ಗವಸು ಹಾಕಿದ ಕೈಯನ್ನು ಚಿಲಕದ ಮೇಲಿಟ್ಟಳು. ತೆರೆದರೆ ಅವರ ಕೈಯಿಂದ ಕಟ್ಟರು ಕಿತ್ತುಕೊಳ್ಳಬೇಕು, ಕಿತ್ತುಕೊಂಡರೆ ಅರ್ಧ ಕತ್ತರಿಸಿದ ಕಲ್ಲನ್ನು ತಾನೇ ಮುಗಿಸಬೇಕು. ಕಷ್ಟಪಟ್ಟು ಹುಟ್ಟಿಸಿಕೊಂಡ ಬೆರಳ ಗೆರೆ ಆ ಒರಟು ಕಲ್ಲಿನ ಮೇಲೆ ಒಂದೇ ದಿನಕ್ಕೆ ಹೋಗಿಬಿಡುತ್ತದೆ. ಅವಳ ಸೊಟ್ಟ ಕೈಗೆ ಕಲ್ಲೂ ಉಳಿಯುವುದಿಲ್ಲ. ಇದೊಂದು ಸಲ, ಇದು ಮುಗಿದರೆ ಜನ್ಮದಲ್ಲಿ ಇವರು ಈ ಬಾಗಿಲು ದಾಟುವ ಹಾಗಿಲ್ಲ ಎಂದುಕೊಂಡಳು. ಹಿಂದೆ ತಿರುಗಿ ಬಂದು ಅದೇ ಜಾಗದಲ್ಲಿ ಕೂತಳು. ಬಯ್ಯುವವರು ಬಯ್ಯಲಿ. ಅವಳ ಜಾಗದಲ್ಲಿ ನಿಂತು ನೋಡಿದವರಿಗೆ ಬಯ್ಯಲು ಬಾಯಿ ಬರಲಿಕ್ಕಿಲ್ಲ.

ಸಂಜೆ ಮೇಷ್ಟ್ರು ಮುಖ ತೊಳೆದು, ಅಂಗಿ ಬದಲಿಸಿ, ಹೊರಗಿನಿಂದ ಬಂದವರ ಹಾಗೆ ಮುಂಬಾಗಿಲಿನಿಂದ ಬಂದರು. "ಹೇಗೆ ಕತ್ತರಿಸಿದ?" ಎಂದು ಕೇಳಿದಳು. "ಪರವಾಗಿಲ್ಲ, ಕೆಲಸ ಕಲಿತೋನು" ಎಂದರು. ಅವರ ಕಿವಿಯ ಹಿಂದೆ ಬಿಳಿ ಧೂಳು ಹಾಗೇ ಉಳಿದಿತ್ತು. ಎರಡನೆಯ ತುಂಡಿಗೆಂದು ಮರುದಿನವೂ ಆ ಹಳೇ ಪರಿಚಯದವನು ಬಂದ. ಅವಳು ಅಡುಗೆಮನೆ ಬಿಟ್ಟು ಮುಂದಿನ ಕೋಣೆಗೆ ಹೋಗಿ ಕೂತಳು. ಅಲ್ಲಿಗೂ ಕೇಳಿಸುತ್ತಿತ್ತು.

ವೀಸಾ ಕಚೇರಿಯ ಯಂತ್ರ ಈ ಸಲ ಹಸಿರಾಯಿತು. ಗಾಜಿನ ಹಿಂದಿನ ಹುಡುಗಿ ತನಗೇ ವೀಸಾ ಸಿಕ್ಕಷ್ಟು ಖುಷಿಯಲ್ಲಿ ಚಪ್ಪಾಳೆ ತಟ್ಟಿದಳು. ಕಾಯುವ ದಿನಗಳು ಕಳೆದು ಪಾಸ್‌ಪೋರ್ಟು ಕೈಸೇರಿತು. ಕಲ್ಲಿನ ತುಂಡುಗಳು ಮರದ ಪೆಟ್ಟಿಗೆಯಲ್ಲಿ ವಿಮಾನ ಹತ್ತಿದವು, ನುಣುಪಕ್ಕನೂ ಹತ್ತಿದಳು. ಮೇಷ್ಟ್ರು ಬೀದಿಯ ತುದಿಯವರೆಗೂ ಬರಲಿಲ್ಲ. ಮಂಡಿ ನೋವು ಎಂದರು. ಮಂಡಿ ನೋವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಹೊರದೇಶವೆಂದರೆ ಅವಳು ಕಂಡದ್ದು ಆ ಹೋಟೆಲಿನ ಬಾಗಿಲು, ಒಂದು ಕೌಂಟರು, ಮಲಗಲು ಕೊಟ್ಟ ಕಿಟಕಿಯಿಲ್ಲದ ಕೋಣೆ. ಪೆಟ್ಟಿಗೆ ಬಿಚ್ಚಿ ಹೊಸ ತುಂಡುಗಳನ್ನು ಇಟ್ಟರೆ ಅವು ಮಾತಿಲ್ಲದೆ ಕೂತುಬಿಟ್ಟವು. ಅಷ್ಟು ಶುದ್ಧವಾದ ಬಾಗನ್ನು ಮೇಷ್ಟ್ರು ಯೌವನದಲ್ಲೂ ಕತ್ತರಿಸಿರಲಿಲ್ಲ. ಅವಳು ಅಲ್ಲಿಯೇ ನೆಲದ ಮೇಲೆ ಕೂತು ಅತ್ತಳು. ಹೊರದೇಶದ ಕೆಲಸಗಾರರು ಗಾಬರಿಯಾಗಿ ನೀರು ತಂದುಕೊಟ್ಟರು. ಆಮೇಲೆ ತಿಕ್ಕಲು ಶುರುಮಾಡಿದಳು. ರಜೆಯಲ್ಲಿ ಮೆತ್ತಗಾಗಿದ್ದ ಬೆರಳು ಪುಡಿ ತಾಗಿದ ಕೂಡಲೇ ಉರಿಯಿತು, ಎರಡನೆಯ ದಿನ ರಕ್ತ ಬಂತು. ಬಟ್ಟೆ ಸುತ್ತಿಕೊಂಡು ತಿಕ್ಕಿದಳು. ಕೊನೆಗೆ ಮ್ಯಾನೇಜರು ಬಂದು ಸಂದು ಇದ್ದ ಕಡೆ ಉಗುರು ಎಳೆದ, ಎಲ್ಲೂ ಸಿಕ್ಕಲಿಲ್ಲ. ಬಗ್ಗಿ ಬೆಳಕು ನೋಡಿದ, ಒಂದೇ ಹೊಳಪು. ಅವನು ಕೈ ಮುಂದೆ ಚಾಚಿದ, ಅವಳ ಕೈ ನೋಡಿ ಹಿಂದಕ್ಕೆಳೆದುಕೊಂಡ.

ಅಲ್ಲಿಂದಲೇ ಮನೆಗೆ ಫೋನು ಮಾಡಿದಳು.

"ಕೂತ್ಕೊಂತೇನೇ?" ಮೇಷ್ಟ್ರು ಕೇಳಿದ್ದು ಅದೊಂದೇ.

"ಕೂತ್ಕೊಂತು. ಕೆಲಸ ನಮಗೇ ಅಂದ್ರು."

ಆ ಕಡೆಯಿಂದ ಉಸಿರು ಮಾತ್ರ ಕೇಳುತ್ತಿತ್ತು, ಬಹಳ ದೂರ ಓಡಿಬಂದವರ ಉಸಿರು. ಆಮೇಲೆ ಫೋನು ತೆಗೆದುಕೊಂಡವಳು ನಾದಿನಿ. "ಅತ್ತಿಗೆ, ಬೇಗ ಬನ್ನಿ. ಏನಿಲ್ಲ, ಗಾಬರಿಯಾಗ್ಬೇಡಿ. ಬೇಗ ಬನ್ನಿ."

ಅವಳು ಬಂದಾಗ ಮೇಷ್ಟ್ರು ಆಸ್ಪತ್ರೆಯಲ್ಲಿದ್ದರು. ಡಾಕ್ಟರು ಈ ಸಲ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿಯಲೇ ಇಲ್ಲ. "ಇತ್ತೀಚೆಗೆ ಮತ್ತೆ ಧೂಳು ಕುಡಿದಿದಾರೆ" ಎಂದಷ್ಟೇ ಹೇಳಿ, ಯಾರು ಬಿಟ್ಟರು ಎನ್ನುವ ಹಾಗೆ ಅವಳನ್ನು ನೋಡಿದರು. ಕೆಲವು ದಿನಗಳ ಮೇಲೆ ಮೇಷ್ಟ್ರನ್ನು ಆಕ್ಸಿಜನ್ ಸಿಲಿಂಡರಿನ ಜೊತೆ ಮನೆಗೆ ಕಳಿಸಿದರು. ಅವಳು ಬಯಸಿದ್ದ ಕುರ್ಚಿಯಲ್ಲೇ ಅವರು ಕೂತರು, ಕಿಟಕಿಯ ಪಕ್ಕ, ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು. ಕಟ್ಟರನ್ನು ಮಾರಿಯಾಗಿತ್ತು. ಕಾರ್ಖಾನೆಯಲ್ಲಿ ಕತ್ತರಿಸಿದ ಹೊಸ ಕಲ್ಲುಗಳ ಮೊದಲ ಲಾರಿ ಬಾಗಿಲಿಗೆ ಬಂದಿತ್ತು. ಎಲ್ಲವೂ ಅವಳು ಅಂದುಕೊಂಡ ಹಾಗೇ ಆಗಿತ್ತು, ಆ ಉಸಿರೊಂದನ್ನು ಬಿಟ್ಟು.

ಒಂದು ಬೆಳಿಗ್ಗೆ ಅವರ ಕಾಲ ಬಳಿ ಕೂತು ಹೇಳಿಬಿಟ್ಟಳು. "ರೀ, ಆವತ್ತು ಕತ್ತರಿಸ್ತಿದ್ದಿದ್ದು ನೀವೇ ಅಂತ ನಂಗೆ ಗೊತ್ತಾಗಿತ್ತು."

ಅವರು ಮುಗುಳ್ನಕ್ಕರು. ಮಾತನ್ನು ತುಂಡು ತುಂಡಾಗಿ, ನಡುವೆ ಉಸಿರು ಎಳೆದುಕೊಳ್ಳುತ್ತ ಆಡಿದರು. "ಗೊತ್ತಾಗ್ದೆ ಇರುತ್ತಾ. ನೀನು ಬಾಗಿಲ ತನಕ ಬಂದಿದ್ದು ನಾನು ನೋಡ್ದೆ. ಬಾಗಿಲ ಕೆಳಗೆ ಸಂದಿಯಲ್ಲಿ ನಿನ್ನ ಕಾಲು ಕಾಣ್ತಿತ್ತು. ಎಲ್ಲಿ ಒಳಗೆ ಬಂದು ಎಲ್ಲಾ ಕೆಡಿಸ್ತಾಳೋ ಅಂತ ಜೀವ ಬಾಯಿಗೆ ಬಂದಿತ್ತು ನಂಗೆ. ಆಮೇಲೆ ವಾಪಸ್ ಹೋದ್ಯಲ್ಲ, ಸಮಾಧಾನ ಆಯ್ತು." ಅವಳ ತಲೆಯ ಮೇಲೆ ಕೈಯಿಟ್ಟರು. "ಒಳ್ಳೇದ್ ಮಾಡ್ದೆ ಕಣೇ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಆ ಒಂದು ಮಾತನ್ನು ತಡೆದುಕೊಳ್ಳಲು ಅವಳಿಂದ ಆಗಲಿಲ್ಲ. ಆ ವಾರ ಕಳೆಯುವುದರೊಳಗೆ ಮೇಷ್ಟ್ರು ಅದೇ ಕುರ್ಚಿಯಲ್ಲಿ, ಮಧ್ಯಾಹ್ನದ ಊಟಕ್ಕೆ ಅವಳು ತಟ್ಟೆ ತರುವಷ್ಟರಲ್ಲಿ ಹೋಗಿಬಿಟ್ಟರು.

ಈಗಲೂ ನುಣುಪಕ್ಕ ಹೊಳಪಿನ ಕೆಲಸ ಮಾಡುತ್ತಾಳೆ. ಕಂಪನಿಯ ಲಾರಿ ತಪ್ಪದೆ ಬರುತ್ತದೆ. ಬೀದಿಯಲ್ಲಿ ಅವಳಿಗೆ ಮೊದಲಿಗಿಂತ ಮರ್ಯಾದೆ ಹೆಚ್ಚು. ಯಂತ್ರಕ್ಕೇ ಬೆರಳು ತೋರಿಸಿ ಗೆದ್ದು ಬಂದವಳು ಎಂದು ಆಡಿಕೊಳ್ಳುತ್ತಾರೆ. ಹೊಲಿಗೆ ಅಂಗಡಿಗೆ ಬರುವ ಗಿರಾಕಿಗಳಿಗೆಲ್ಲ ನಾದಿನಿ ಆ ಕಥೆಯನ್ನು ಉಪ್ಪು ಖಾರ ಹಚ್ಚಿ ಹೇಳುತ್ತಾಳೆ, "ನಮ್ಮತ್ತಿಗೆ ಅಣ್ಣನಿಗೋಸ್ಕರ ಸಮುದ್ರ ದಾಟಿದೋಳು" ಎಂದು ಮುಗಿಸುತ್ತಾಳೆ.

ಒಂದು ಸಲ ನುಣುಪಕ್ಕ ಅಲ್ಲೇ ಕೂತಿದ್ದಳು. ಗಿರಾಕಿ ಹೋದ ಮೇಲೆ ಹೇಳಿದಳು. "ಹಾಗೆ ಹೇಳ್ಬೇಡ ಕಣೇ. ನಿಮ್ಮಣ್ಣ ಒಳಗೆ ಕತ್ತರಿಸ್ತಿದ್ರು, ನಾನು ಈಚೆ ಕೂತು ಕೇಳಿಸ್ಕೊಂಡೆ. ಎರಡು ದಿನವೂ ಕೇಳಿಸ್ಕೊಂಡೆ."

ನಾದಿನಿಯ ಹೊಲಿಗೆ ಯಂತ್ರ ನಿಂತಿತು. "ಅಣ್ಣನ ಹಟ ನಂಗೊತ್ತಿಲ್ವಾ ಅತ್ತಿಗೆ. ನೀವು ಹೇಳಿದ್ರೂ ಕೇಳ್ತಿರ್ಲಿಲ್ಲ ಬಿಡಿ."

"ಕೇಳ್ತಿರ್ಲಿಲ್ವೇನೋ" ಎಂದಳು ನುಣುಪಕ್ಕ. "ನಾನು ಹೇಳ್ಲೇ ಇಲ್ವಲ್ಲ."